ಹಿಮವಿಲ್ಲದ ಊರಿನ ಚಳಿ

ಎರಡು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಏಳನೇ ತರಗತಿಯಲ್ಲಿ ‘ಉಷ್ಣ’ ಪಾಠದ ಪುನರಾವರ್ತನೆ ನಡೆದಿತ್ತು. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮೂರಲ್ಲಿ ಹಿಮ ಬಿದ್ರೆ ಬೀದಿನಾಯಿಗಳೆಲ್ಲ ಏನ್ ಮಾಡ್ತವೆ ಸಾರ್?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಹೊಸಕೋಟೆಗೆ ಹಿಮ ಬಿದ್ದಾಗ ಹೇಳ್ತೀನಿ, ಕೂತ್ಕೊ” ಎಂದು ಮುಂದಿನ ಪ್ರಶ್ನೆಗೆ ಹೋದೆ. ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಉತ್ತರ ಎಂಬುದು ತಿಳಿಯಲು ಮೂರು-ನಾಲ್ಕು ವಾರ ಬೇಕಾಯಿತು.

ನಮ್ಮೂರಿಗೆ ಹಿಮ ಬೀಳುವುದಿಲ್ಲ, ನಿಜ. ಬೆಂಗಳೂರಿನಿಂದ ಪೂರ್ವಕ್ಕೆ ಹಳೆ ಮದ್ರಾಸು ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್ ಬಂದರೆ ಸಿಗುವ, ಕೋಲಾರದ ಕಡೆಗೂ ಚಿಂತಾಮಣಿಯ ಕಡೆಗೂ ದಾರಿ ಕವಲೊಡೆಯುವ ಊರು ಇದು. ಸುಮಾರು 1595ರಲ್ಲಿ ಸುಗಟೂರಿನ ತಮ್ಮೇಗೌಡ ಇಲ್ಲಿ ಹೊಸದಾಗಿ ಕೋಟೆ ಕಟ್ಟಿಸಿದ್ದರಿಂದ ಹೊಸಕೋಟೆ ಎಂಬ ಹೆಸರು ಬಂತು. ಕೋಟೆ ಬಹುಪಾಲು ಅಳಿದಿದೆ, ಹೆಸರು ಉಳಿದಿದೆ. ಅವನೇ ಕಟ್ಟಿಸಿದನೆನ್ನುವ ದೊಡ್ಡ ಕೆರೆಯೂ ಉಳಿದಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲುಸೀಮೆಯಾದ್ದರಿಂದ ಧನುರ್ಮಾಸದಲ್ಲಿ ಚಳಿ ಚೆನ್ನಾಗಿಯೇ ಕಚ್ಚುತ್ತದೆ. ಹಾಗೆಂದು ಅದು ಹಿಮಾಲಯದ ಚಳಿಯಲ್ಲ. ಬೆಂಗಳೂರಿನ ಹವಾಮಾನ ದಾಖಲೆಗಳಲ್ಲಿ ಇದುವರೆಗಿನ ಅತಿ ಕಡಿಮೆ ಉಷ್ಣತೆಯೆಂದರೆ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ರಾತ್ರಿಗಳು 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಆಕಾಶ ತಿಳಿಯಾಗಿದ್ದರೆ ಇನ್ನೆರಡು ಮೂರು ಡಿಗ್ರಿ ಇಳಿಯುತ್ತವೆ.

ತಿಳಿಯಾದ ಆಕಾಶಕ್ಕೂ ಚಳಿಗೂ ಏನು ಸಂಬಂಧ? ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿಯಲ್ಲಿ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಮೋಡವಿದ್ದರೆ ಅದು ಕಂಬಳಿಯ ಹಾಗೆ ತಡೆದು ಒಂದಷ್ಟನ್ನು ಹಿಂದಕ್ಕೆ ಕೊಡುತ್ತದೆ. ಮೋಡವಿಲ್ಲದಿದ್ದರೆ ಶಾಖ ಹೊರಟೇ ಹೋಗುತ್ತದೆ. ನೆಲವೂ ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ತೇವವಿರುವ ಕಡೆ ಮಂಜು ಕಟ್ಟುತ್ತದೆ. ಪಕ್ಕದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಜನವರಿಯ ಮುಂಜಾನೆ ವಿಮಾನಗಳು ತಡವಾಗುವುದು ಇದೇ ಮಂಜಿನಿಂದ. ಇದನ್ನೆಲ್ಲ ನಾನು ಮೂವತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಲೇ ಬಂದವನು.

ಆ ವರ್ಷ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬೀದಿಯ ಹೆಣ್ಣು ನಾಯಿಯೊಂದು ಆರು ಮರಿ ಹಾಕಿತ್ತು. ಮೈಬಣ್ಣದಿಂದಾಗಿ ಅದಕ್ಕೆ ಕೆಂಚಿ ಎಂದು ಹೆಸರು. ಮನೆ ಕಟ್ಟಿದಾಗ ಉಳಿದಿದ್ದ ಒಂದಿಷ್ಟು ಮರಳು, ಅದರ ಮೇಲೆ ಹಳೆಯ ಗೋಣಿಚೀಲ, ಇಷ್ಟೇ ಅದರ ಬಾಣಂತಿ ಕೋಣೆ. ಮರಿಗಳಿಗೆ ಎಂಟೊಂಬತ್ತು ದಿನವಾಗಿತ್ತು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ, ಹಬ್ಬಕ್ಕೆ ಮನೆ ಮುಂದೆ ನಾಯಿ ವಾಸನೆ ಇರಬಾರದೆಂದು ನಾನು ಮರಳನ್ನು ಬಾಚಿ, ಗೋಣಿಯನ್ನು ಎಸೆದು, ಪೈಪು ಹಿಡಿದು ಸಿಮೆಂಟು ನೆಲವನ್ನು ಚೆನ್ನಾಗಿ ತೊಳೆದೆ. ಆಗ ಸಂಜೆ ಆರು ಗಂಟೆ. “ರೀ, ಹೊತ್ತು ಮುಳುಗೋ ಹೊತ್ತಲ್ಲಿ ಅಲ್ಲಿಗೆ ನೀರು ಹಾಕಬೇಡಿ, ಬಾಣಂತಿ ಇದಾಳೆ” ಎಂದು ಮನೆಯಾಕೆ ಒಳಗಿನಿಂದ ಹೇಳಿದಳು. “ಒಣಗುತ್ತೆ ಬಿಡು, ಇದೇನು ಹಿಮಾಲಯವೇ?” ಎಂದೆ. ರಾತ್ರಿ ಕೆಂಚಿ ಮರಿಗಳನ್ನು ಒಂದೊಂದಾಗಿ ಕಚ್ಚಿ ತಂದು ಅದೇ ಜಾಗದಲ್ಲಿಟ್ಟುಕೊಂಡು ಮಲಗಿತು. ಬೆಳಗ್ಗೆ ಎಳ್ಳು-ಬೆಲ್ಲ ಹಂಚುವ ಮೊದಲು ನಾನು ನಾಲ್ಕು ಮರಿಗಳನ್ನು ಹಿತ್ತಿಲಲ್ಲಿ ಮಣ್ಣು ಮಾಡಬೇಕಾಯಿತು.

ಆ ರಾತ್ರಿಯ ಉಷ್ಣತೆ 14 ಡಿಗ್ರಿಯ ಸುತ್ತಮುತ್ತ ಇದ್ದಿರಬೇಕು. ನಾಯಿಯನ್ನು ಕೊಲ್ಲುವ ಚಳಿ ಅದಲ್ಲ. ಕೊಂದದ್ದು ನನ್ನ ನೀರು. ಹುಟ್ಟಿದ ಮೊದಲ ವಾರ ನಾಯಿಮರಿಯ ಮೈಶಾಖ 35-36 ಡಿಗ್ರಿಯಷ್ಟೇ. ಅದಕ್ಕೆ ನಡುಗಿ ಶಾಖ ಹುಟ್ಟಿಸಿಕೊಳ್ಳಲೂ ಬರುವುದಿಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ, ಕೆಳಗಿನ ಹಾಸು, ಈ ಮೂರರಿಂದ ಬಂದಷ್ಟೇ ಶಾಖ. ಎರಡನೇ ವಾರದಲ್ಲಿ ನಡುಕ ಶುರುವಾದರೂ ಅದರ ಬಲ ಸಾಲದು. ನಿಂತ ಗಾಳಿಗೆ ಹೋಲಿಸಿದರೆ ನೀರು ಸುಮಾರು 24 ಪಟ್ಟು ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಸಾಲದೆಂಬಂತೆ, ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲರಿ ಶಾಖವನ್ನು ಯಾರಿಂದಲಾದರೂ ಕಿತ್ತುಕೊಳ್ಳಲೇಬೇಕು. ಆ ರಾತ್ರಿ ಅದು ಮರಿಗಳಿಂದ ಕಿತ್ತುಕೊಂಡಿತು. ಈ ಅಂಕಿಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಪಾಠ ಹೇಳುವುದು ಬೇರೆ, ಪಾಠ ಕಲಿಯುವುದು ಬೇರೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ನಮ್ಮ ನಾಡಿನ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು ಎರಡು ತಿಂಗಳು. ಲೆಕ್ಕ ಹಾಕಿ ನೋಡಿ: ಮರಿಗಳು ಹುಟ್ಟುವುದು ಹೆಚ್ಚುಕಡಿಮೆ ಚಳಿಗಾಲದಲ್ಲೇ. ಅತಿ ಎಳೆಯ ಮೈಗೆ ಅತಿ ಚಳಿಯ ತಿಂಗಳುಗಳು!

ಮರುವರ್ಷದ ಧನುರ್ಮಾಸದಲ್ಲಿ ನಾನೊಂದು ಕೆಲಸ ಮಾಡಿದೆ. ನಸುಕಿನಲ್ಲೇ ಎದ್ದು, ಮಫ್ಲರು ಸುತ್ತಿಕೊಂಡು, ಊರಿನ ಪ್ರಾಣಿಗಳು ಎಲ್ಲೆಲ್ಲಿ ಮಲಗುತ್ತವೆ ಎಂದು ನೋಡುತ್ತ ನಡೆಯತೊಡಗಿದೆ. ಪುಸ್ತಕ ಓದದ ಈ ಜೀವಿಗಳು ಜಾಗ ಆರಿಸಿಕೊಳ್ಳುವುದರಲ್ಲಿ ನನಗಿಂತ ಎಷ್ಟು ಬುದ್ಧಿವಂತರೆಂಬುದು ಎರಡೇ ದಿನದಲ್ಲಿ ಗೊತ್ತಾಯಿತು. ಬನ್ನಿ, ನಿಮ್ಮನ್ನೂ ಆ ದಾರಿಯಲ್ಲಿ ಕರೆದೊಯ್ಯುತ್ತೇನೆ.

ಐದು ಗಂಟೆಗೆ ಅವಿಮುಕ್ತೇಶ್ವರ ದೇವಸ್ಥಾನದ ಸುತ್ತಿನ ಹಳೆಯ ಬೀದಿಗಳಲ್ಲಿ ಬಾಗಿಲಿಗೆ ನೀರು ಹಾಕುವ ಸದ್ದು. ರಂಗೋಲಿ ಬಿಡುವ ಹೆಂಗಸರ ಪಕ್ಕದಲ್ಲೇ ನಾಯಿಗಳು ಎದ್ದು, ಮೈ ಕೊಡವಿಕೊಂಡು, ಒದ್ದೆಯಾಗದ ಕಡೆಗೆ ಸರಿಯುತ್ತವೆ. ಗಮನಿಸಿ, ಅವು ಹೋಗುವುದು ಬೆಚ್ಚನೆಯ ಕಡೆಗೆ ಎನ್ನುವುದಕ್ಕಿಂತ ಒಣಗಿದ ಕಡೆಗೆ. ಒಂದು ಹಳೆಯ ಹೆಂಚಿನ ಮನೆಯ ಜಗಲಿಯ ಮೂಲೆಯಲ್ಲಿ ಮೂರು ನಾಯಿಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಕಾಲು ಮಡಿಸಿ, ಬೆನ್ನು ಬಾಗಿಸಿ, ಬಾಲದಿಂದ ಮೂಗು ಮುಚ್ಚಿಕೊಂಡು ಚಕ್ಕುಲಿಯಾಗಿದ್ದವು. ಹೊರಗಾಳಿಗೆ ತೆರೆದುಕೊಂಡ ಮೈ ಕಡಿಮೆಯಾದಷ್ಟೂ ಶಾಖದ ನಷ್ಟ ಕಡಿಮೆ. ನಾಯಿಯ ಸಹಜ ಮೈಶಾಖ ಸುಮಾರು 38.5 ಡಿಗ್ರಿ, ನಮಗಿಂತ ಒಂದೂವರೆ ಡಿಗ್ರಿ ಜಾಸ್ತಿ. ಹೊರಗಿನ 14ಕ್ಕೂ ಒಳಗಿನ 38ಕ್ಕೂ ನಡುವಿನ ಕಂದಕವನ್ನು ಕಾಯುವುದು ನಿಮಿರಿದ ಕೂದಲು ಮತ್ತು ಅದರೊಳಗೆ ಸಿಕ್ಕಿಬಿದ್ದ ಗಾಳಿ. ಕೂದಲು ಒದ್ದೆಯಾಗಿ ಅಂಟಿಕೊಂಡರೆ ಆ ಕಾವಲು ಹೋಯಿತೆಂದೇ ಲೆಕ್ಕ.

ಅಲ್ಲಿಂದ ಹೆದ್ದಾರಿಯ ಕಡೆಗೆ. ಭಾನುವಾರದ ನಸುಕಿನಲ್ಲಿ ನಮ್ಮೂರಿನ ದಮ್ ಬಿರಿಯಾನಿಗಾಗಿ ಬೆಂಗಳೂರಿನಿಂದ ಜನ ಬಂದು ಸಾಲುಗಟ್ಟಿ ನಿಲ್ಲುವುದು ನಿಮಗೂ ಗೊತ್ತಿರಬಹುದು. ಸೌದೆ ಒಲೆಯ ಕೆಂಡ ತೆಗೆದು ಹಿಂದೆ ಸುರಿಯುವ ಕಡೆ ಬೇರೊಂದು ಸಾಲಿರುತ್ತದೆ. ನಾಯಿಗಳು ಅಲ್ಲಿಗೆ ಎಲುಬಿಗಾಗಿ ಬರುತ್ತವೆ ಎಂದುಕೊಂಡಿದ್ದೆ. ಎಲುಬಿನ ಹೊತ್ತು ಇನ್ನೂ ಬಂದಿರುವುದಿಲ್ಲ. ಅವು ಮಲಗಿರುವುದು ಬೂದಿಯ ಮೇಲೆ. ಬೂದಿ ಹಗುರ, ಒಳಗೆಲ್ಲ ಗಾಳಿ, ತಳದಲ್ಲಿ ಕಾವು. ಪಕ್ಕದ ಕಾರಿನ ಬಾನೆಟ್ಟಿನ ಮೇಲೊಂದು ಬೆಕ್ಕು. ಬೆಕ್ಕಿನ ಮೂಲ ಪೂರ್ವಜ ಪಶ್ಚಿಮ ಏಷ್ಯಾ, ಆಫ್ರಿಕಾಗಳ ಒಣನಾಡಿನ ಕಾಡುಬೆಕ್ಕು. ಆದ್ದರಿಂದ ಒಲೆ, ಬಿಸಿಲು, ಎಂಜಿನ್ನು ಎಂದರೆ ಅದಕ್ಕೆ ತವರಿನ ನೆನಪು. ಕೆಲವು ಬಾರಿ ಅದು ಬಾನೆಟ್ಟಿನ ಒಳಗೇ ಸೇರಿಕೊಂಡಿರುತ್ತದೆ. ಚಳಿಗಾಲದಲ್ಲಿ ಗಾಡಿ ಚಾಲೂ ಮಾಡುವ ಮೊದಲು ಬಾನೆಟ್ಟನ್ನು ಎರಡು ಸಲ ತಟ್ಟಿದರೆ ಒಂದು ಜೀವ ಉಳಿದೀತು.

ಊರು ದಾಟಿದರೆ ರಾಗಿ ಒಕ್ಕಣೆಯ ಕಾಲ. ಕಣ ಮಾಡುವ ತಾಪತ್ರಯ ಬೇಡವೆಂದು ಡಾಂಬರು ರಸ್ತೆಯ ಮೇಲೆ ತೆನೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಿಸುವುದನ್ನು ನಮ್ಮ ಕಡೆ ಎಲ್ಲೆಲ್ಲೂ ನೋಡಬಹುದು. ಕಪ್ಪು ಡಾಂಬರು ಹಗಲಿನ ಬಿಸಿಲನ್ನು ಚೆನ್ನಾಗಿ ಹೀರಿ, ಕತ್ತಲಾದ ಮೇಲೂ ಬಹಳ ಹೊತ್ತು ಕಾವು ಉಳಿಸಿಕೊಳ್ಳುತ್ತದೆ. ಅದರ ಮೇಲೆ ಒಣಹುಲ್ಲು ಬೇರೆ. ನಾಯಿಗಳಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಉಂಟೇ? ಆದರೆ ಬೆಚ್ಚಗಿನ ಜಾಗವೇ ಅಪಾಯದ ಜಾಗವೂ ಹೌದು. ಮಂಜಿನಲ್ಲಿ ಬರುವ ಲಾರಿಗೆ ಹುಲ್ಲಿನ ಬಣ್ಣದ ನಾಯಿ ಕಾಣುವುದಿಲ್ಲ.

ಹಾಲಿನ ಡೇರಿಯ ಬಳಿ ಕ್ಯಾನು ಹಿಡಿದು ನಿಂತಿದ್ದ ಒಬ್ಬ ಅಜ್ಜಿಯನ್ನು, “ಏನಮ್ಮ, ಹಸುಗಳಿಗೆ ಚಳಿ ಆಗಲ್ವಾ?” ಎಂದು ಕೇಳಿದೆ. “ಸೀಮೆಹಸುಗೆ ಎಂಥಾ ಚಳಿ ಮೇಷ್ಟ್ರೇ, ಅದಕ್ಕೆ ಬ್ಯಾಸಿಗೇನೇ ಕಷ್ಟ. ಕರೀಗೆ ಮಾತ್ರ ನೆಲ ಒಣಗಿರ್ಬೇಕು. ನೆಲ ಒಣಗಿದ್ರೆ ಚಳಿ ಅದರ ಪಾಡಿಗೆ ಅದು ಓಯ್ತದೆ” ಎಂದಳು. ನನ್ನ ಇಡೀ ವರ್ಷದ ಪಶ್ಚಾತ್ತಾಪದ ಸಾರವನ್ನು ಆಕೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಆಕೆಯ ಮಾತು ಶಾಸ್ತ್ರಸಮ್ಮತವೂ ಹೌದು. ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತ ಸದಾ ಶಾಖ ಹೊರಡಿಸುತ್ತವೆ. ಒಲೆಯನ್ನು ಹೊಟ್ಟೆಯಲ್ಲೇ ಹೊತ್ತು ತಿರುಗುವ ಪ್ರಾಣಿ ಅದು. ಹಾಲು ಕುಡಿಯುವ ಕರುವಿನಲ್ಲಿ ಆ ಒಲೆ ಇನ್ನೂ ಹೊತ್ತಿರುವುದಿಲ್ಲ. ಅದಕ್ಕೇ ಅಜ್ಜಿ ಕರುವಿನ ಬೆನ್ನಿಗೆ ಗೋಣಿತಾಟು ಕಟ್ಟಿ, ಕೆಳಗೆ ರಾಗಿಹುಲ್ಲು ಹಾಸುತ್ತಾಳೆ. ಕೋಳಿಮರಿಗಳದೂ ಇದೇ ಕತೆ. ದೊಡ್ಡ ಕೋಳಿಯ ಮೈಶಾಖ 41 ಡಿಗ್ರಿಗೂ ಮೇಲೆ. ಮೊದಲ ವಾರದ ಮರಿಗೆ ಸುತ್ತಲಿನ ಗಾಳಿಯೇ 32ರಿಂದ 35 ಡಿಗ್ರಿ ಇರಬೇಕು. ಆ ಕೊರತೆ ತುಂಬುವುದು ತಾಯಿಯ ರೆಕ್ಕೆ. ತಾಯಿಯಿಲ್ಲದ ಕಡೆ ಮಂಕರಿಯ ಕೆಳಗಿನ ಬಲ್ಬು.

ಅಲ್ಲಿಂದ ಕೆರೆ ಏರಿಯ ಮೇಲೆ ಹತ್ತಿದರೆ ಬೇರೆಯೇ ಲೋಕ. ಚಳಿಗೆ ನಾವು ಹಲ್ಲು ಕಡಿಯುತ್ತಿದ್ದರೆ, ಸಲಿಕೆಯಂಥ ಕೊಕ್ಕಿನ ಬಾತುಗಳು ಕೊರೆಯುವ ನೀರಿನಲ್ಲಿ ಹಾಯಾಗಿ ತೇಲುತ್ತಿರುತ್ತವೆ. ಉತ್ತರದ ಹಿಮದ ನಾಡುಗಳನ್ನು ಬಿಟ್ಟು, ಬೆಚ್ಚಗಿರುತ್ತದೆಂದು ಅವು ಹುಡುಕಿಕೊಂಡು ಬಂದಿರುವುದೇ ನಮ್ಮ ಹೊಸಕೋಟೆಯ ಚಳಿಗಾಲವನ್ನು! ಅವುಗಳ ಬರಿಗಾಲು ಹೆಪ್ಪುಗಟ್ಟದೇಕೆ? ಕಾಲಿಗೆ ಇಳಿಯುವ ಬಿಸಿರಕ್ತದ ನಾಳವೂ ಹಿಂದಿರುಗುವ ತಣ್ಣನೆ ರಕ್ತದ ನಾಳವೂ ಒತ್ತೊತ್ತಾಗಿ ಹೆಣೆದುಕೊಂಡಿವೆ. ಇಳಿಯುವ ಶಾಖವನ್ನು ಏರುವ ರಕ್ತ ದಾರಿಯಲ್ಲೇ ಪಡೆದುಕೊಂಡು ಮೈಗೆ ಮರಳಿಸುತ್ತದೆ. ಇಂಥದೇ ಏರ್ಪಾಡು ನಾಯಿಯ ಪಾದದ ಮೆತ್ತೆಯಲ್ಲೂ ಇದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟರು.

ಇಲ್ಲಿಗೆ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಹಿಮ ಬೀಳುವ ಕಡೆ ನಾಯಿಗಳು ಏನು ಮಾಡುತ್ತವೆ? 1925ರಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನಲ್ಲಿ ಗಂಟಲಮಾರಿ ರೋಗ ಹರಡಿದಾಗ ಸುಮಾರು 1,085 ಕಿಲೋಮೀಟರ್ ದೂರದಿಂದ ಔಷಧಿ ತಲುಪಿಸಿದ್ದು ಜಾರುಬಂಡಿ ಎಳೆಯುವ ನಾಯಿಗಳು. ತಂಡದಿಂದ ತಂಡಕ್ಕೆ ದಾಟಿಸುತ್ತ ಐದೂವರೆ ದಿನದಲ್ಲಿ ತಲುಪಿಸಿದವು. ಅಂಥ ಹಸ್ಕಿ ನಾಯಿಗಳಿಗೆ ಎರಡು ಪದರದ ತುಪ್ಪಳ: ಹೊರಗೆ ನೀರು ಜಾರಿಸುವ ಒರಟು ಕೂದಲು, ಒಳಗೆ ಗಾಳಿ ಹಿಡಿದಿಡುವ ಮೆತ್ತನೆಯ ಕೂದಲು. ರಾತ್ರಿ ಹಿಮದಲ್ಲೇ ಗುಂಡಿ ತೋಡಿ ಚಕ್ಕುಲಿಯಾಗಿ ಮಲಗುತ್ತವೆ. ಮೇಲೆ ಹಿಮ ಸುರಿದರೂ ಏಳುವುದಿಲ್ಲ. ಹೊಸದಾಗಿ ಬಿದ್ದ ಹಿಮದಲ್ಲಿ ಬಹುಪಾಲು ಇರುವುದು ಗಾಳಿಯೇ, ಹಾಗಾಗಿ ಅದೊಂದು ಹೊದಿಕೆ. ಅಂದರೆ ನಮ್ಮ ಅಜ್ಜಿಯ ರಾಗಿಹುಲ್ಲು, ಹೋಟೆಲಿನ ಬೂದಿ, ಅಲಾಸ್ಕಾದ ಹಿಮ ಮೂರೂ ಮಾಡುವ ಕೆಲಸ ಒಂದೇ. ಸೊನ್ನೆಗಿಂತ ಬಹಳ ಕೆಳಗಿನ ಒಣಹಿಮದಲ್ಲಿ ಮಲಗಿದ ಹಸ್ಕಿ, 14 ಡಿಗ್ರಿಯ ಒದ್ದೆ ಸಿಮೆಂಟಿನ ಮೇಲಿನ ನಮ್ಮ ಮರಿಗಿಂತ ಕ್ಷೇಮವಾಗಿರುತ್ತದೆ.

ಆದರೆ ಎಲ್ಲ ನಾಯಿಯೂ ಹಸ್ಕಿಯಲ್ಲ. ಟೊರಾಂಟೊದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ನಾಯಿಗೆ ಚಳಿಗಾಲದಲ್ಲಿ ನಾಲ್ಕು ಬೂಟು ತೊಡಿಸುತ್ತಾಳೆ. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಪಾದವನ್ನು ಒಡೆಸಿ ಉರಿಸುತ್ತದಂತೆ. ಮನೆಗೆ ಬಂದೊಡನೆ ಪಾದ ತೊಳೆದು, ಬೆರಳ ಸಂದು ಸಹ ಒರೆಸಿ ಒಣಗಿಸುವುದು ಅವಳ ನಿತ್ಯದ ಕೆಲಸ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿ. 2005ರಲ್ಲಿ ಅಂಚೆ ಇಲಾಖೆ ತಂದ ನಾಲ್ಕು ದೇಶಿ ನಾಯಿಗಳ ಚೀಟಿಗಳಲ್ಲಿ ಅದೂ ಒಂದು. ಎತ್ತರದ ತೆಳು ಮೈ, ಗಿಡ್ಡ ಕೂದಲು, ಕೊಬ್ಬು ಕಡಿಮೆ. ಬಿಸಿಲನಾಡಿನ ಓಟಕ್ಕೆ ಹೇಳಿಮಾಡಿಸಿದ ಆ ಮೈಗೆ ಚಳಿ ಬೇಗ ತಟ್ಟುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ನಮ್ಮ ಕಡೆಯ ಹೊಸ ಬಡಾವಣೆಗಳಲ್ಲಿ ಈಗ ಹಸ್ಕಿಯನ್ನೇ ತಂದು ಸಾಕುವವರಿದ್ದಾರೆ. ಅದಕ್ಕೆ ಜನವರಿ ಸ್ವರ್ಗ, ಏಪ್ರಿಲ್ ಶಿಕ್ಷೆ. ಚೆಂದವೆಂದು ತರುವ ಮೊದಲು ಮಕ್ಕಳೂ ತಂದೆತಾಯಿಗಳೂ ಇದನ್ನು ಯೋಚಿಸಬೇಕು.

ಮಕ್ಕಳೇ, ನನ್ನ ಮಾತನ್ನು ನಂಬಬೇಡಿ, ಪರೀಕ್ಷಿಸಿ. ಒಂದೇ ಅಳತೆಯ ಎರಡು ಡಬ್ಬಿಗಳಿಗೆ ಒಂದೇ ಪಾತ್ರೆಯಿಂದ ಬಿಸಿನೀರು ತುಂಬಿಸಿ ಮುಚ್ಚಳ ಹಾಕಿ. ಬಿಸಿನೀರಿನ ಕೆಲಸಕ್ಕೆ ಹಿರಿಯರ ನೆರವಿರಲಿ. ಒಂದಕ್ಕೆ ಒಣ ಗೋಣಿತುಂಡು, ಇನ್ನೊಂದಕ್ಕೆ ಅಷ್ಟೇ ದೊಡ್ಡ ಒದ್ದೆ ಗೋಣಿತುಂಡು ಸುತ್ತಿ, ಗಾಳಿಯಾಡುವ ಕಡೆ ಅರ್ಧ ಗಂಟೆ ಇಡಿ. ಬಳಿಕ ಥರ್ಮಾಮೀಟರಿನಿಂದ ನೋಡಿ. ನಮ್ಮ ಶಾಲೆಯಲ್ಲಿ ಈ ಪ್ರಯೋಗ ಮಾಡಿದಾಗ ಅದೇ ಹುಡುಗ (ಈಗ ಎಂಟನೇ ತರಗತಿ) ಥರ್ಮಾಮೀಟರು ಹಿಡಿದಿದ್ದ. “ಸಾರ್, ಒದ್ದೆ ಹೊದಿಸೋದಕ್ಕಿಂತ ಹೊದಿಸದೇ ಇರೋದೇ ವಾಸಿಯೇನೋ” ಎಂದ. ಈ ಸಲ ನಾನು ನಗಲಿಲ್ಲ. ಮೂರನೇ ಡಬ್ಬಿ ತರಿಸಿ, ಏನೂ ಸುತ್ತದೆ ಇಟ್ಟು ನೋಡಿ ಅಂದೆ. ಏನಾಯಿತೆಂಬುದನ್ನು ನೀವೇ ಮಾಡಿ ತಿಳಿಯಿರಿ.

ಬೀದಿಯ ಜೀವಗಳಿಗೆ ನಾವು ಮಾಡಬೇಕಾದ್ದು ಹೆಚ್ಚೇನಿಲ್ಲ. ಒಂದು ರಟ್ಟಿನ ಪೆಟ್ಟಿಗೆ, ಎರಡು ಇಟ್ಟಿಗೆ, ಒಣಹುಲ್ಲು ತುಂಬಿದ ಗೋಣಿಚೀಲ ಸಾಕು. ಇಟ್ಟಿಗೆಗಳು ಪೆಟ್ಟಿಗೆಯನ್ನು ನೆಲದಿಂದ ಎತ್ತಿಡುತ್ತವೆ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಲಿನಿಂದ ಬೀಸುವುದರಿಂದ ಬಾಯಿ ಪಡುವಲಿಗಿರಲಿ. ಸಂಜೆಯ ಮೇಲೆ ನಾಯಿಗೆ ಸ್ನಾನ ಬೇಡ, ಅಂಗಳಕ್ಕೆ ನೀರೂ ಬೇಡ. ತಣ್ಣಗಾದ ಮರಿ ಸಿಕ್ಕಿದರೆ ಕೂಡಲೇ ಹಾಲು ಕುಡಿಸಬೇಡಿ. ತಣ್ಣನೆಯ ಮೈ ಅದನ್ನು ಅರಗಿಸಿಕೊಳ್ಳಲಾರದು. ಮೊದಲು ಒಣಬಟ್ಟೆಯಲ್ಲಿ ಸುತ್ತಿ ನಿಧಾನವಾಗಿ ಮೈ ಬಿಸಿಯಾಗಲು ಬಿಡಿ, ಆಮೇಲೆ ಪಶುವೈದ್ಯರನ್ನು ಕೇಳಿ. ಮರಿ ಇರುವ ತಾಯಿನಾಯಿಯ ಹತ್ತಿರ ಮಕ್ಕಳು ಒಂಟಿಯಾಗಿ ಹೋಗಲೇಬಾರದು. ನಾಯಿ ಕಚ್ಚಿದರೆ ಅಥವಾ ಪರಚಿದರೆ, ಗಾಯ ಚಿಕ್ಕದೆಂದು ಸುಮ್ಮನಿರದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಕರುಣೆಯ ಜೊತೆ ಎಚ್ಚರವೂ ಇರಲಿ.

ಕೆಂಚಿ ಮರುವರ್ಷವೂ ನಮ್ಮ ಮೆಟ್ಟಿಲ ಕೆಳಗೇ ಬಂದು ಐದು ಮರಿ ಹಾಕಿತು. ನಾನು ಮಾಡಿದ್ದನ್ನು ಅದು ಮರೆತಿತ್ತೋ, ಬೇರೆ ಜಾಗವೇ ಸಿಗಲಿಲ್ಲವೋ ಕಾಣೆ. ಅಷ್ಟರೊಳಗೆ ಅಲ್ಲಿ ಮರಳು ತುಂಬಿಸಿ, ಹೊಸ ಗೋಣಿ ಹಾಸಿದ್ದೆ. ನಾಲ್ಕು ಮರಿಗಳು ಕಣ್ಣು ಬಿಟ್ಟವು, ಒಂದು ಉಳಿಯಲಿಲ್ಲ. ಸಂಕ್ರಾಂತಿಗೆ ಅಂಗಳವನ್ನೆಲ್ಲ ತೊಳೆದದ್ದು ಬಿಸಿಲೇರಿದ ಮೇಲೆ, ಬೆಳಗಿನ ಹತ್ತು ಗಂಟೆಗೆ. ರಂಗೋಲಿ ಆ ವರ್ಷ ಮೆಟ್ಟಿಲಿಗಿಂತ ಎರಡು ಮಾರು ಇತ್ತಲೇ ನಿಂತಿತು. “ಯಾಕ್ರೀ, ಆ ಮೂಲೆ ತೊಳೀಲಿಲ್ಲ?” ಎಂದು ಎದುರು ಮನೆಯವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯಾಕೆ ಹೇಳಿದಳು: “ಅಲ್ಲಿ ಬಾಣಂತಿ ಇದಾಳೆ.”